ಬ್ರಾಂಚ್ ಲೈನಿನ ನಿಧಾನದ ಗಾಡಿ

ಒಂದೇ ಗಾಡಿ ಹೋಗಿ ಅದೇ ಗಾಡಿ ವಾಪಸ್ ಬರುವ ಲೈನಿನಲ್ಲಿ ಏನು ತಾನೇ ಆದೀತು ಎಂದು ಕೇಳುವವರಿದ್ದಾರೆ. ಗಾಡಿ ಲೇಟಾಗದ ದಿನ ಇದ್ದಿರಬಹುದು, ಏನೂ ಆಗದ ದಿನ ಇರಲಿಲ್ಲ. ಮೈಸೂರಿನಿಂದ ದಕ್ಷಿಣಕ್ಕೆ ಹೊರಟು, ಮುಂದೆ ಹಳಿಯಿಲ್ಲದೆ ನಿಂತುಬಿಡುವ ಬ್ರಾಂಚ್ ಲೈನು ಅದು. ಅದರ ಸಣ್ಣಪುಟ್ಟ ಸ್ಟೇಷನ್ನುಗಳಲ್ಲೇ ಮಾಸ್ಟರಾಗಿದ್ದು, ಈಗ ರಿಟೈರಾಗಿ ಅಶೋಕಪುರಂನಲ್ಲಿದ್ದೇನೆ. ಕಲ್ಲಿದ್ದಲು, ಡೀಸೆಲ್ಲು, ಕರೆಂಟು ಮೂರನ್ನೂ ನೋಡಿದ್ದಾಯಿತು. ಈಚಿನದ್ದನ್ನು ಮೊದಲು ಹೇಳಿಬಿಡುತ್ತೇನೆ. ಈ ವಯಸ್ಸಿನಲ್ಲಿ ಮರೆತುಹೋಗುವುದು ಅದೇ.

ಕರೆಂಟು ಹೋದರೆ?

ಲೈನಿಗೆ ಕರೆಂಟು ಬಂದ ಹೊಸದರಲ್ಲಿ ನಾನೂ ಒಮ್ಮೆ ಹತ್ತಿದೆ. ಎದುರಿಗೆ ಕೆಸರೆಯ ಒಬ್ಬ ಅಜ್ಜಿ ಕೂತಿದ್ದರು. ಕಿಟಕಿಯಿಂದ ಮೇಲಿನ ತಂತಿಯನ್ನೇ ನೋಡುತ್ತಾ ಕೇಳಿದರು:

“ಇದು ಕರೆಂಟಲ್ಲಿ ಓಡೋದಾ?”

“ಹೌದು ಕಣಜ್ಜಿ” ಎಂದ ಪಕ್ಕದಲ್ಲಿದ್ದ ಯುವಕ.

“ಮಧ್ಯದಲ್ಲಿ ಕರೆಂಟ್ ಹೋದ್ರೆ?”

ಬೋಗಿಯಲ್ಲಿದ್ದವರೆಲ್ಲ ಕತ್ತೆತ್ತಿ ತಂತಿ ನೋಡಿದರು. ಅದುವರೆಗೆ ಯಾರಿಗೂ ಆ ಯೋಚನೆ ಬಂದಿರಲಿಲ್ಲ. ಯುವಕ ಧೈರ್ಯ ಹೇಳಿದ: “ಹೋಗಲ್ಲ ಅಜ್ಜಿ, ಇದಕ್ಕೆ ಬೇರೆ ಲೈನು.”

ಅಜ್ಜಿ ತಂತಿಯನ್ನು ಇನ್ನೊಮ್ಮೆ ನೋಡಿದರು. “ಹಂಗಾದ್ರೆ ನಮ್ಮ ಬೀದಿಗೂ ಇದರಲ್ಲೇ ಒಂದು ಎಳೆ ಎಳ್ಸ್‌ಕೊಡಪ್ಪ.”

ಹಳಿಯಿಲ್ಲದ ಸ್ಟೇಷನ್

ಅದಕ್ಕೆ ಮೊದಲು ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕುವ ಕೆಲಸ ನಡೆದಿತ್ತು. ಗಾಡಿ ಬಂದ್. ನನ್ನ ಸ್ಟೇಷನ್ನಿನ ಮುಂದೆ ಬರೀ ಮಣ್ಣು. ಆದರೂ ಸಾಮಾನು ಕಾಯಲು ಒಬ್ಬರು ಬೇಕಲ್ಲ, ನಾನಿದ್ದೆ.

ಹಿಂದಿನ ಮನೆಯ ಹೆಂಗಸು ಒಂದು ದಿನ ಬಂದು, “ಗಾಡಿ ಯಾವಾಗ ಶುರು ಸಾರ್?” ಎಂದರು.

“ಎಲ್ಲಿಗೆ ಹೋಗ್ಬೇಕಿತ್ತಮ್ಮ?”

“ನಾನೆಲ್ಗೂ ಹೋಗಲ್ಲ. ಮನೆಗೆ ಬಂದ ನೆಂಟ್ರು ಹೋಗ್ಬೇಕಲ್ಲ! ಮುಂಚೆ ಗಾಡಿ ಟೈಮಾಯ್ತು ಅಂತ ಎದ್ದು ಹೊರಡೋರು. ಈಗ, ಬಸ್ ಯಾವಾಗ ಬೇಕಾದ್ರೂ ಸಿಗುತ್ತೆ ಬುಡಿ ಅಂತ ಊಟಕ್ಕೆ ಕೂತ್ಬುಡ್ತಾರೆ.” ಮನೆಯ ಕಡೆ ತಿರುಗಿ ನೋಡಿ, “ಗಾಡಿ ಬರದಿದ್ರೂ ಬೇಡ ಸಾರ್, ಆ ಟೈಮಿಗೆ ಗಂಟೆನಾದ್ರೂ ಹೊಡೀರಿ” ಎಂದರು.

ಮುಖ ನೋಡಿದರೆ ಪಾಪ ಎನ್ನಿಸಿತು. ಮರುದಿನ ಮಧ್ಯಾಹ್ನ ಗಂಟೆ ಹೊಡೆದೆ. ಆ ಮನೆಯ ಬಾಗಿಲಿಂದ ದೂರದೂರಿನ ನೆಂಟರೊಬ್ಬರು ಚೀಲ, ಕೊಡೆ ಹಿಡಿದು, ಬಾಯಲ್ಲಿದ್ದ ತುತ್ತು ನುಂಗುತ್ತಾ ಓಡಿಬಂದರು. ಪ್ಲಾಟ್‌ಫಾರಂ ತುದಿಗೆ ಬಂದು ಕೆಳಗೆ ನೋಡಿದರು, ಆ ಕಡೆ ನೋಡಿದರು, ಈ ಕಡೆ ನೋಡಿದರು.

“ಗಾಡಿ ಹೋಗ್ಬುಡ್ತಾ ಸಾರ್?”

ನಾನು ಬಾಯಿ ತೆರೆಯುವಷ್ಟರಲ್ಲಿ ಅವರೇ ಎದೆಯ ಮೇಲೆ ಕೈಯಿಟ್ಟುಕೊಂಡು ಹೇಳಿದರು: “ಅಯ್ಯೋ, ಹಳೀನೂ ತಗೊಂಡು ಹೋಗ್ಬುಟ್ಟಿದೆಯಲ್ಲ!”

ಹಾರ ಬಿದ್ದ ಕೊರಳು

ಇನ್ನೂ ಹಿಂದೆ, ಸಣ್ಣ ಹಳಿಯ ಕಾಲ. ನಜರ್‌ಬಾದಿನಿಂದ ಗಂಡಿನ ಕಡೆಯವರು ಗಾಡಿಯಲ್ಲಿ ಬರುತ್ತಿದ್ದರು. ಎದುರುಗೊಳ್ಳಲು ಹೆಣ್ಣಿನ ಕಡೆಯವರು ವಾಲಗದೊಂದಿಗೆ ನನ್ನ ಸ್ಟೇಷನ್ನಿನಲ್ಲಿ ನಿಂತಿದ್ದರು. ಮುಂದಾಳು ಹೆಣ್ಣಿನ ಸೋದರಮಾವ. ಗಂಡನ್ನು ನೋಡಿದ್ದು ಒಂದೇ ಸಲ. ಅವಸರದಲ್ಲಿ ಕನ್ನಡಕ ಮನೆಯಲ್ಲೇ ಬಿಟ್ಟಿದ್ದರು.

ಗಾಡಿ ನಿಲ್ಲುವ ಮೊದಲೇ ಬಿಳಿ ಪಂಚೆ, ಬಿಳಿ ಶರಟಿನ ಒಬ್ಬ ಟಣ್ಣನೆ ಹಾರಿದ. ಹಾರ ಬಿತ್ತು, ವಾಲಗ ಎದ್ದಿತು. ಅವನೇನೋ ಹೇಳಲು ಬಾಯಿ ತೆರೆದ. ಡೋಲಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಗೇಟಿನಲ್ಲಿ ಟಿಕೆಟ್ ಇಸಿದುಕೊಳ್ಳುತ್ತಿದ್ದ ನಾನೂ ಮದುಮಗನೆಂದು ಕೈಮುಗಿದು ದಾರಿ ಬಿಟ್ಟೆ. ಹಿಂದಿನ ಬೋಗಿಯಿಂದ ಇಳಿದ ಗಂಡಿನ ಕಡೆಯವರು, ಗಂಡು ಮುಂದಿದ್ದಾನೆಂದುಕೊಂಡು ವಾಲಗದ ಹಿಂದೆಯೇ ನಡೆದರು.

ಆಮೇಲೆ ಟ್ರಂಕು ಹೊತ್ತ ಒಬ್ಬ ಹುಡುಗ ಕೊನೆಯದಾಗಿ ಬಂದು ಟಿಕೆಟ್ ಕೊಟ್ಟು ಕೇಳಿದ: “ಸಾರ್, ನನ್ನ ಮದುವೆಗೆ ಹೋಗೋ ದಾರಿ ಯಾವುದು?”

ಸೋದರಮಾವ ಓಡಿಹೋಗಿ ಹಾರ ಬಿಚ್ಚಿಸಿ ತಂದರು. ಮುಹೂರ್ತ ತಪ್ಪಲಿಲ್ಲ. ನಾನು ಆ ಬಿಳಿ ಪಂಚೆಯವನನ್ನು ಕರೆಸಿ ಟಿಕೆಟ್ ಕೇಳಿದೆ. ಜೇಬು ತಡಕಾಡಿ, ತಲೆ ಕೆರೆದುಕೊಂಡು ಹೇಳಿದ: “ಆಗಲೇ ಕೇಳ್ಬಾರ್ದಿತ್ತಾ ಸಾರ್? ಮಾವನೋರು ಕೊಡ್ತಿದ್ರು.”

ಹಸಿರು ಸೀರೆ

ನನ್ನ ಸ್ಟೇಷನ್ನಿಗಿಂತ ಮುಂಚೆ ಒಂದು ಹಾಲ್ಟ್ ಇತ್ತು. ಮಾಸ್ಟರಿಲ್ಲ, ಸಿಗ್ನಲ್ಲಿಲ್ಲ, ಒಂದು ಹೊಂಗೆಮರ, ಒಂದು ನಲ್ಲಿ. ಗಾರ್ಡು ಹಸಿರು ಬಾವುಟ ತೋರಿಸಿದರೆ ಡ್ರೈವರು ಗಾಡಿ ಬಿಡಬೇಕು, ಅಷ್ಟೇ.

ಆವತ್ತಿನ ಗಾರ್ಡು ದಪ್ಪ ಮೀಸೆಯ, ಬಹಳ ಶಿಸ್ತಿನ ಮನುಷ್ಯ. ಸೆಕೆಗೆ ಮಜ್ಜಿಗೆ ಕುಡಿಯಲು ಮರದಡಿಗೆ ಇಳಿದರು. ಅದೇ ಹೊತ್ತಿಗೆ ಪ್ಲಾಟ್‌ಫಾರಂನಲ್ಲಿ ಒಬ್ಬಾಕೆಯ ಮೊಸರಿನ ಗಡಿಗೆ ಉರುಳಿ, ಗಂಟಿನಲ್ಲಿದ್ದ ಹೊಸ ಸೀರೆ ಒದ್ದೆಯಾಯಿತು. ಆಕೆ ಅದನ್ನು ನಲ್ಲಿಯಲ್ಲಿ ಜಾಲಿಸಿ, ಎರಡು ಕೈಯಲ್ಲೂ ಹಿಡಿದು ಗಾಳಿಗೆ ಒದರಿದರು. ಸೀರೆ ಗಿಣಿ ಹಸಿರು.

ಡ್ರೈವರು ಹಿಂದಕ್ಕೆ ನೋಡಿದ. ಅಷ್ಟು ದೊಡ್ಡ ಹಸಿರನ್ನು ಅವನು ಸರ್ವೀಸಿನಲ್ಲೇ ನೋಡಿರಲಿಲ್ಲ. ಗಾಡಿ ಬಿಟ್ಟ.

ಗಾರ್ಡು ಲೋಟ ಎಸೆದು, “ಏಯ್! ನಿಲ್ಸೋ! ನಾನಿಲ್ಲಿದೀನಿ ಕಣೋ!” ಎಂದು ಓಡಿದರು. ಸಿಗಲಿಲ್ಲ. ಹಾಲಿನ ಕ್ಯಾನು ಕಟ್ಟಿಕೊಂಡು ಮೊಪೆಡ್ಡಿನಲ್ಲಿ ಹೋಗುತ್ತಿದ್ದ ಒಬ್ಬ ನಿಲ್ಲಿಸಿ, “ಹತ್ಕಳಿ ಸಾ, ಗಾಡಿ ಕೆರೆ ಬಳಸ್ಕೊಂಡು ಹೋಯ್ತದೆ, ನಾವು ಅಡ್ಡದಾರೀಲಿ ಹೋಗವ” ಎಂದ.

ಇದೊಂದೂ ನನಗೆ ಗೊತ್ತಿಲ್ಲ. ಗಾಡಿಯ ಹೊತ್ತಾಯಿತೆಂದು ಬಾವುಟ ಹಿಡಿದು ನಿಂತಿದ್ದೇನೆ. ಜನ ಗಂಟುಮೂಟೆ ಎತ್ತಿಕೊಂಡಿದ್ದಾರೆ. ಧೂಳೆಬ್ಬಿಸುತ್ತಾ ಬಂದ ಮೊಪೆಡ್ಡು ನೇರ ಪ್ಲಾಟ್‌ಫಾರಂ ಹತ್ತಿತು. ಕ್ಯಾನುಗಳ ನಡುವಿನಿಂದ, ಬಿಳಿ ಯೂನಿಫಾರಂ, ಮೀಸೆಯ ಮೇಲೆ ಮಜ್ಜಿಗೆ, ಕಂಕುಳಲ್ಲಿ ಬಾವುಟದ ಸಮೇತ ಗಾರ್ಡು ಇಳಿದರು.

ನಾನು ತಬ್ಬಿಬ್ಬಾಗಿ ಕೇಳಿದೆ: “ಏನ್ ಸಾರ್, ನೀವೊಬ್ರೇ ಬಂದ್ರಿ? ಗಾಡಿ ಎಲ್ಲಿ ಬಿಟ್ರಿ?”

ಅವರು ಏದುಸಿರು ಬಿಡುತ್ತಾ ಕೈಸನ್ನೆಯಲ್ಲಿ “ಹಿಂದೆ ಬರ್ತಾ ಇದೆ” ಎಂದರು.

ಮುಂದೆ ನಿಂತಿದ್ದ ಒಬ್ಬ ತಾತ ಗಾರ್ಡನ್ನು ನೋಡಿದರು, ಮೊಪೆಡ್ಡು ನೋಡಿದರು, ಹಿಂದೆ ಗಂಟು ಹೊತ್ತು ನಿಂತ ತಮ್ಮ ಸಂಸಾರವನ್ನೆಲ್ಲ ನೋಡಿದರು. ಆಮೇಲೆ ಬಹಳ ಬೇಜಾರಿನಿಂದ ಕೇಳಿದರು:

“ಇವತ್ತು ಗಾಡಿ ಇಷ್ಟೇನಾ ಸ್ವಾಮಿ? ಇದರಲ್ಲಿ ನಾವೆಲ್ಲ ಎಂಗೆ ಕೂರದು?”