ಮಾವ ಕಟ್ಟಿಸಿದ ಹಾರುಹಲಗೆ

ನಮ್ಮ ಸೋದರಮಾವನಷ್ಟು ನೀರಿಗೆ ಹೆದರುವ ಪ್ರಾಣಿ ಇಡೀ ಬಳ್ಳಾರಿಯಲ್ಲಿ ಇನ್ನೊಂದಿರಲಿಲ್ಲ, ಬೆಕ್ಕುಗಳನ್ನೂ ಸೇರಿಸಿ! ಸ್ನಾನಕ್ಕೂ ಚೊಂಬು ಚೊಂಬಾಗಿ ಅಳೆದು ಸುರಿದುಕೊಳ್ಳುವ ಈ ಮಹಾಶಯರಿಗೆ ಹಿಡಿದ ಹುಚ್ಚು ಯಾವುದು ಅಂತೀರಿ? ಬಾವಿಗೆ ಧುಮುಕುವ ಸ್ಪರ್ಧೆಗೆ ಹಲಗೆ ಕಟ್ಟಿಸುವುದು!

ಸ್ವಾತಂತ್ರ್ಯ ಬಂದ ಹೊಸತು. ಮದರಾಸಿನಲ್ಲಿ ಈಜುಕೊಳವೊಂದನ್ನು ದೂರದಿಂದಲೇ ನೋಡಿ ಬಂದಿದ್ದರು. ಸತ್ಯನಾರಾಯಣಪೇಟೆಯ ಮನೆಯ ಪಡಸಾಲೆ ತುಂಬ ತೇಗದ ಹಲಗೆಗಳು ಬಂದು ಬಿದ್ದವು. ಯಾವುದು ಎಷ್ಟು ಬಾಗುತ್ತದೆಂದು ತಿಳಿಯಬೇಕಲ್ಲ? ಹಲಗೆಯ ಒಂದು ತುದಿಗೆ ಸಿರುಗುಪ್ಪದ ಅಕ್ಕಿಮೂಟೆ ಹೇರಿ, ಇನ್ನೊಂದು ತುದಿಗೆ ಅತ್ತೆಯನ್ನೇ ಕೂರಿಸಿದರು.

"ತಾವು ಮೊಣಕಾಲುದ್ದ ನೀರಿಗಿಳಿಯಂಗಿಲ್ಲ, ಮಂದೀನ ಬಾವಿಗೆ ನೂಕಾಕ ಹೊಂಟಾರ!" ಎಂದರು ಅತ್ತೆ.

"ಮಾತಾಡಬ್ಯಾಡ, ಹಲಿಗಿ ಅಳ್ಳಾಡ್ತತಿ!"

ಕೊನೆಗೆ ಕುರುಗೋಡಿನ ಗೌಡರೊಬ್ಬರ ಮೆಟ್ಟಿಲುಬಾವಿ ಗೊತ್ತಾಯಿತು. ಮಾವ ಕಲ್ಲು ಕಟ್ಟಿದ ಹಗ್ಗ ಇಳಿಬಿಟ್ಟು ಆಳ ನೋಡಿ, ಹಲಗೆಯ ಕೆಳಗಿನ ಗೋಡೆಗೆ ಸುಣ್ಣದ ಗೆರೆ ಎಳೆಸಿದರು. ನೀರು ಆ ಗೆರೆಗಿಂತ ಕೆಳಗಿದ್ದರೆ ಯಾರೂ ಹಾರಕೂಡದು. ಮೊದಲು ಹಾರುವ ಗೌರವ ಅಳಿಯನಾದ ನನಗೆ.

ಸ್ಪರ್ಧೆಯ ದಿನ ಅತಿಥಿಗಳನ್ನು ಕರೆತರಲು ಹೋದ ಮಾವನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಜನ ಕಾಯುತ್ತಾರೆಯೇ? ಡೊಳ್ಳು ಬಾರಿಸಿ ನನ್ನನ್ನು ಹಲಗೆ ಹತ್ತಿಸಿಯೇಬಿಟ್ಟರು. ಕೆಳಗೆ ಬಾವಿ ಕಪ್ಪಗೆ ಹೊಳೆಯುತ್ತಿತ್ತು. ನೀರು ಯಾಕೋ ಬಹಳ ದೂರ ಅನ್ನಿಸಿತು. ಹೆದರಿದವನಿಗೆ ಹಗ್ಗವೂ ಹಾವು ಅಂದುಕೊಂಡೆ. ಅಷ್ಟು ಜನರೆದುರು ಹಿಂದೆ ಸರಿಯುವುದುಂಟೆ?

ಕೈ ಮೇಲೆತ್ತಿದೆ. ಅಷ್ಟರಲ್ಲಿ ಎದುರು ದಡದಲ್ಲಿ ಮಾವ ಕಾಣಿಸಿಕೊಂಡರು. ಗೆರೆ ನೋಡಿದರು. ಏನೋ ಕೂಗಿದರು. ಡೊಳ್ಳಿನ ಸದ್ದಿಗೆ ಒಂದಕ್ಷರವೂ ಕೇಳಲಿಲ್ಲ. ನೋಡನೋಡುತ್ತಿದ್ದಂತೆ ಆ ಮನುಷ್ಯ ಕೋಟು ರುಮಾಲಿನ ಸಮೇತ ಮೆಟ್ಟಿಲಿಳಿದು, ನೀರಿಗಿಳಿದು, ನೇರ ನನ್ನ ಕೆಳಗೆ ಬಂದು ನಿಂತುಬಿಟ್ಟರು. ನೀರು ಅವರ ಎದೆಮಟ್ಟ!

ಡೊಳ್ಳು ನಿಂತಿತು.

"ಹಾರಲೇ! ನನ್ನ ತಲಿ ಮ್ಯಾಲೆ ಹಾರು ನೋಡೋಣು!"

ಗೌಡರು ಮೇಲಿನಿಂದ ಬಗ್ಗಿ, "ದೊಡ್ಡ ಮಂದಿ ಬರ್ತಾರಂತ ನಿನ್ನೆಲ್ಲಾ ಎತ್ತು ಹೂಡಿ ಕಪಿಲಿ ಹೊಡಿಸಿ, ಹಳೇ ನೀರು ತೆಗಿಸೀನ್ರಿ. ಈಗ ಸ್ವಚ್ಛ ಐತಿಲ್ರಿ?" ಎಂದು ಕೇಳಿದರು!

ನಾನು ಇಳಿದು ಹೋದಾಗ ಮಾವ ಇನ್ನೂ ಅಲ್ಲೇ ಇದ್ದರು. ಹೆಜ್ಜೆ ಕಿತ್ತಿಡಲು ಆಗುತ್ತಿರಲಿಲ್ಲ. ಕೈ ಕೊಟ್ಟೆ. ಅವರು ನನ್ನ ತಲೆ, ಕುತ್ತಿಗೆಯನ್ನೆಲ್ಲ ಒದ್ದೆ ಕೈಯಿಂದ ತಡವಿ ತಡವಿ ನೋಡಿದರು.

"ನಮ್ಮಕ್ಕಗ ಯಾವ ಮಾರಿ ತೋರಿಸ್ತಿದ್ದೆಲೇ ನಾನು?"

ಅಷ್ಟೊತ್ತಿನವರೆಗೆ ತಡೆದುಕೊಂಡಿದ್ದೆ. ಅವರ ಎದೆಗೆ ಮುಖ ಒತ್ತಿ ಅತ್ತುಬಿಟ್ಟೆ.