ಬೈಸಿಕೊಳ್ಳುವ ಬೆಗೋನಿಯಾ

ಕೋಪ ಬಂದಾಗ ಬೈಯಬೇಕಾದವರು ಎದುರಿಗಿರುವುದಿಲ್ಲ. ಎದುರಿಗಿರುವವರು ಅಷ್ಟು ಬೈಸಿಕೊಳ್ಳುವ ತಪ್ಪು ಮಾಡಿರುವುದಿಲ್ಲ. ಸಂಸಾರದ ಜಗಳಗಳಲ್ಲಿ ಮುಕ್ಕಾಲು ಪಾಲು ಹೀಗೆ ವಿಳಾಸ ತಪ್ಪಿ ಬಂದವು ಎಂಬುದು ನನ್ನ ನಂಬಿಕೆ. ಈ ವಿಷಯದಲ್ಲಿ ನಾನು ಸಂಬಳ ಪಡೆದು ಅನುಭವ ಗಳಿಸಿದವಳು. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಉಡುಪಿಯಲ್ಲಿ ದೂರದೂರುಗಳಿಗೆ ಫೋನು ಜೋಡಿಸಿಕೊಡುವ ಟ್ರಂಕ್ ಕಾಲ್ ಆಪರೇಟರ್ ಆಗಿದ್ದೆ. ಬೊಂಬಾಯಿಗೆ ಲೈನ್ ಸಿಗದಿದ್ದರೆ, ಅದನ್ನು ನಾನೇ ಸೆರಗಿನಲ್ಲಿ ಗಂಟು ಹಾಕಿಕೊಂಡು ಕುಳಿತಿದ್ದೇನೆಂದು ಊರವರು ತಿಳಿಯುತ್ತಿದ್ದರು. "ಎಂತ ಮಾರಾಯ್ತಿ, ನಿದ್ದೆಯಾ?" ಎಂದು ಅವರು ಗದರಿದರೂ ನಾನು "ದಯವಿಟ್ಟು ಕಾಯಿರಿ ಸಾರ್" ಎನ್ನಬೇಕು. ಹೀಗೆ ನುಂಗಿದ ಮಾತುಗಳನ್ನೆಲ್ಲ ಬನ್ನಂಜೆಯ ನಮ್ಮ ಮಹಡಿ ಮೇಲಿನ ಬಾಡಿಗೆ ಮನೆಗೆ ಹೊತ್ತು ತಂದು, ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದ ಅತ್ತೆಯ ಮುಂದೆ ಸುರಿಯುತ್ತಿದ್ದೆ.

ಅತ್ತೆ ಎದುರಾಡುವವರಲ್ಲ. ಒಂದು ದಿನ ಸೀರೆಗಳನ್ನು ಮಡಚಿ ಚೀಲಕ್ಕೆ ತುಂಬಿ, "ಸ್ವಲ್ಪ ದಿನ ದೊಡ್ಡವನ ಮನೆಯಲ್ಲಿ ಇದ್ದು ಬರ್ತೇನೆ" ಎಂದು ಕಾರ್ಕಳದ ಬಸ್ಸು ಹತ್ತಿದರು. ಸ್ವಲ್ಪ ದಿನ ಹೋಗಿ ತಿಂಗಳುಗಳಾದವು. ನಮ್ಮವರು ಊಟಕ್ಕೆ ಕುಳಿತರೆ ತಟ್ಟೆಯ ಜೊತೆಗಷ್ಟೇ ವ್ಯವಹಾರ. ಮೂಲೆಯಲ್ಲಿದ್ದ ಅತ್ತೆಯ ಹಾಸಿಗೆಯ ಸುರುಳಿಯನ್ನು ನೋಡದೆ ಓಡಾಡಲು ನಾನು ಕಲಿತೆ. ಅದೆಲ್ಲ ತಲೆನೋವಾಗಿ ಬೆಳೆದಾಗ ಮಣಿಪಾಲದಲ್ಲಿ ಒಬ್ಬ ಡಾಕ್ಟರನ್ನು ಕಂಡೆ. ಎರಡು ಮಾತ್ರೆಯಾದರೂ ಸಿಕ್ಕೀತೆಂದು ಕಾದರೆ ಅವರು, "ಮನೆಯೊಳಗೆ ಒಂದು ಗಿಡ ಸಾಕಿ. ಮನಸ್ಸು ಹಗುರ ಆಗ್ತದೆ" ಎಂದರು.

ಮಳೆಗಾಲದಲ್ಲಿ ಗೋಡೆಯೂ ಚಿಗುರುವ ಊರಿನಲ್ಲಿ ಇಂಥ ಸಲಹೆ! ನಮ್ಮವರಂತೂ ಅಷ್ಟು ದಿನಗಳ ಮೌನ ಮುರಿದು, "ಗೋಡೆಯ ಹುಲ್ಲು ಒಳಗೆ ಬಾರದ ಹಾಗೆ ನೋಡಿಕೊಳ್ಳುವುದೇ ದೊಡ್ಡ ಕೆಲಸ. ಕರೆದು ಕೂರಿಸುವುದು ಬೇರೆ ಉಂಟಾ?" ಎಂದು ನಕ್ಕರು. ಅಷ್ಟರ ಮಟ್ಟಿಗೆ ಗಿಡ ಬರುವ ಮೊದಲೇ ಗುಣ ತೋರಿಸಿತ್ತು. ಕೆಳಗಿನ ಮನೆಯ ಒಡತಿ ಸಿಸಿಲಿಯಾ ಬಾಯಿ ಹಳೆಯ ಬಿಸ್ಕೆಟ್ ಡಬ್ಬದಲ್ಲಿ ಚುಕ್ಕೆ ಎಲೆಯ ಬೆಗೋನಿಯಾ ನೆಟ್ಟು ಕೊಟ್ಟರು. "ನೀರು ಜಾಸ್ತಿ ಹಾಕಬೇಡ, ಕೊಳೀತದೆ. ಮಾತು ಬೇಕಾದಷ್ಟು ಹಾಕು, ಏನೂ ಆಗುವುದಿಲ್ಲ."

ಮಾತಿಗೇನು ಬರಗಾಲ? ಅಂದೇ ಗಿಡವನ್ನು ಕಿಟಕಿಯಲ್ಲಿ ಕೂರಿಸಿ, ಬೊಂಬಾಯಿ ಲೈನಿಗಾಗಿ ನನ್ನನ್ನು ಗೋಳು ಹೊಯ್ದುಕೊಂಡ ಹೋಟೆಲಿನವನಿಗೆ ಹೇಳಬೇಕಾದುದನ್ನೆಲ್ಲ ಅದಕ್ಕೆ ಹೇಳಿದೆ. ಎಲೆ ಅಲುಗಲಿಲ್ಲ. ಮರುದಿನ ಮೇಲಧಿಕಾರಿಯ ಸರದಿ. ಆ ಬೈಗುಳಕ್ಕೆ ಒಣಗೀತೆಂದುಕೊಂಡಿದ್ದ ಗಿಡ ತಿಂಗಳೊಳಗೆ ಗುಲಾಬಿ ಬಣ್ಣದ ಹೂಗೊಂಚಲು ಬಿಟ್ಟಿತು. ನನ್ನ ತಲೆನೋವು ಇಳಿಯಿತು. ನಮ್ಮವರು ತಟ್ಟೆಯಿಂದ ತಲೆಯೆತ್ತಿ ಮಾತನಾಡತೊಡಗಿದರು. ಒಂದು ರವಿವಾರ ನನಗೆ ಹೇಳದೆ ಕಾರ್ಕಳಕ್ಕೆ ಹೋಗಿ ತಾಯಿಯನ್ನು ಕರೆತಂದರು.

ಆ ದಿನವೂ ನನಗೆ ಡ್ಯೂಟಿ ಇತ್ತು. ಲೈನುಗಳೆಲ್ಲ ಕೆಟ್ಟು ಕುಳಿತಿದ್ದವು. ಉರಿಯುತ್ತಲೇ ಮೆಟ್ಟಿಲು ಹತ್ತಿ ಬಂದರೆ ಬೆಗೋನಿಯಾ ನನಗೆ ಬೆನ್ನು ಹಾಕಿ ಬೆಳಕಿಗೆ ವಾಲಿತ್ತು. "ಎಷ್ಟು ಮಾಡಿದರೂ ನಿನ್ನ ಮುಖ ಆ ಕಡೆಗೇ! ದಿನಾ ಸಾಕುವವಳು ನಾನು. ಹೀಗೇ ಮಾಡು, ಬಂದ ದಾರಿಯಲ್ಲೇ ವಾಪಸು ಕಳಿಸ್ತೇನೆ ನಿನ್ನನ್ನು!" ಎಂದೆ. ಅಡುಗೆಮನೆಯಲ್ಲಿ ಲೋಟ ಬಿದ್ದ ಸದ್ದಾಯಿತು. ಬಾಗಿಲಲ್ಲಿ ಅತ್ತೆ ನಿಂತಿದ್ದರು. ಅವರು ನನ್ನನ್ನು ನೋಡಲೂ ಇಲ್ಲ.

"ಮಗಾ, ಕಾರ್ಕಳಕ್ಕೆ ಇನ್ನು ಬಸ್ಸು ಉಂಟಾ?" ಎಂದು ನಮ್ಮವರನ್ನು ಕೇಳಿದರು.

ನಾನು ಓಡಿ ಹೋಗಿ ಅವರ ಕೈ ಹಿಡಿದುಕೊಂಡೆ. "ಅತ್ತೆ, ನಿಮಗಲ್ಲ, ಗಿಡಕ್ಕೆ ಹೇಳಿದ್ದು! ನಿಮಗೆ ನಾನು ಏಕವಚನದಲ್ಲಿ ಹೇಳ್ತೇನಾ?"

"ಗಿಡಕ್ಕಾ? ಅದು ಎಂತ ಮಾಡಿತು ನಿನಗೆ?"

"ಏನೂ ಮಾಡಲಿಲ್ಲ. ಡಾಕ್ಟರು ಹೇಳಿದ್ದು." ಡಾಕ್ಟರು ಸಾಕಲು ಹೇಳಿದ್ದು, ಬೈಯಲು ಅಲ್ಲ ಎಂಬ ವಿವರಕ್ಕೆ ಅದು ಸಮಯವಾಗಿರಲಿಲ್ಲ.

ಅತ್ತೆ ಕಿಟಕಿಯ ಬಳಿ ಹೋಗಿ ಗಿಡವನ್ನು ನೋಡುತ್ತ ನಿಂತರು. "ತಿರುಗಿ ಏನೂ ಹೇಳುವುದಿಲ್ವಾ ಇದು?"

"ಇಲ್ಲ."

"ಯಾರ ಹತ್ತಿರವೂ ಚಾಡಿ ಹೇಳುವುದಿಲ್ಲ, ಅಲ್ವಾ?"

"ಇಲ್ಲ ಅತ್ತೆ."

"ಹಾಗಾದರೆ ಒಳ್ಳೇದುಂಟು" ಎಂದು ಒಳಗೆ ಹೋಗಿ ಚೀಲದಿಂದ ಸೀರೆಗಳನ್ನು ಹೊರತೆಗೆದರು.

ಅದರ ಅರ್ಥ ನನಗೆ ಹೊಳೆದದ್ದು ಕೆಲವು ದಿನಗಳ ಮೇಲೆ. ಕೆಲಸ ಮುಗಿಸಿ ಬರುವಾಗ ಮೆಟ್ಟಿಲಲ್ಲೇ ಅತ್ತೆಯ ಸ್ವರ ಕೇಳಿಸಿತು. ಗಿಡದೊಡನೆ ಸಮಾಲೋಚನೆ ನಡೆದಿತ್ತು, ವಿಷಯ ನಾನು. ನನ್ನ ಸಾರು ನೀರಂತೆ, ನಾನು ಬಾಗಿಲು ಹಾಕಿದರೆ ಹಂಚು ಅಲುಗುತ್ತದಂತೆ. ಒಳನುಗ್ಗಿ ಜವಾಬು ಕೊಡಲು ಸೆರಗು ಸಿಕ್ಕಿಸಿದೆ. ಆಗ ಸ್ವರ ತಗ್ಗಿತು. "ಬಂದವಳೇ ನಿನ್ನ ಮಣ್ಣು ಮುಟ್ಟಿ ನೋಡ್ತಾಳೆ, ನೀರು ಬೇಕಾ ಅಂತ. ನನಗೆ ಒಂದು ಲೋಟ ಚಾ ಬೇಕಾ ಅಂತ ಒಂದು ದಿನವಾದರೂ ಕೇಳಿದ್ದುಂಟಾ?"

ಸಿಕ್ಕಿಸಿದ ಸೆರಗನ್ನು ಬಿಚ್ಚಿದೆ. ಸದ್ದಿಲ್ಲದೆ ಒಳಗೆ ಹೋಗಿ ಒಲೆ ಹಚ್ಚಿ ಎರಡು ಲೋಟ ಚಾ ಮಾಡಿದೆ. ಒಂದನ್ನು ಅತ್ತೆಯ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತೆ. ಅವರು ಒಂದು ಗುಟುಕು ಕುಡಿದು, ನನ್ನ ಕಡೆ ತಿರುಗದೆ ಬೆಗೋನಿಯಾಕ್ಕೆ ಹೇಳಿದರು, "ಸಕ್ಕರೆ ಕಮ್ಮಿ."

ಬಾಯಿಗೆ ಬಂದದ್ದನ್ನು ಚಹದೊಡನೆ ನುಂಗಿದೆ. ಆಮೇಲೆ ನಾನೂ ಗಿಡದತ್ತಲೇ ಬಾಗಿ, "ನಾಳೆ ಸೊಸೆ ಒಂದು ಚಮಚ ಜಾಸ್ತಿ ಹಾಕ್ತಾಳಂತೆ, ಅವರಿಗೆ ಹೇಳು" ಎಂದೆ.