ಅತ್ತೆಯ ಬಸ್ಸಿಗೆ ಗ್ರಾಫಿಕ್ಸ್ ಕಾರ್ಡ್

ನಮ್ಮ ಕಡೆ ಯಾರಾದರೂ ಹೊಸ ವಸ್ತು ಕೊಳ್ಳಲು ಹೊರಟರೆ ಸಾಕು, ಅದನ್ನು ಎಂದೂ ಕಾಣದವರೇ ಮೊದಲು ಬುದ್ಧಿ ಹೇಳುತ್ತಾರೆ. ಈ ಸಲ ನನ್ನ ಸರದಿ ಬಂತು.

ನಾನು ಬಾರ್ಕೂರಿನಲ್ಲಿ ಗಣಿತ ಕಲಿಸುವವಳು. ನಮ್ಮವರಿಗೆ ಕಂಪ್ಯೂಟರಿನಲ್ಲಿ ಬಸ್ಸು ಓಡಿಸುವ ಆಟದ ಹುಚ್ಚು. ಅದಕ್ಕೆಂದೇ ಒಂದೊಂದು ಭಾಗ ತಂದು ಜೋಡಿಸುತ್ತಿದ್ದರು. "ಎದುರಿನ ಸೀಟ್ ನಿಂಗೇ" ಎಂದು ತಾಯಿಗೆ ಮಾತು ಕೊಟ್ಟಿದ್ದರು. ಗ್ರಾಫಿಕ್ಸ್ ಕಾರ್ಡೊಂದು ಬಾಕಿಯಿರುವಾಗ ನಮ್ಮವರು ತೀರಿಹೋದರು. ಅದಿಲ್ಲದೆ ಪರದೆಯ ಮೇಲೆ ಬಸ್ಸು ಕುಂಟುತ್ತದೆ. ವರ್ಷ ಕಳೆದ ಮೇಲೆ ಒಂದು ದಿನ ಅತ್ತೆ ಕೇಳಿದರು: "ಹೆಣೆ, ಮಗನ ಬಸ್ಸ್ ಇನ್ನೂ ಹೊರಡ್ಲಿಲ್ಯಲೆ?"

ಹೊರಡಿಸಲೇಬೇಕೆಂದು ನಿಶ್ಚಯಿಸಿದೆ.

೧. ತಜ್ಞರು

ಸ್ಟಾಫ್ ರೂಮಿನಲ್ಲಿ ವಿಚಾರಿಸಿದೆ. ಯಡ್ತರೆಯಿಂದ ಬರುವ ಪಿ.ಟಿ. ಮಾಷ್ಟ್ರು ಕೂಡಲೇ ಎದ್ದು ನಿಂತರು.

"ದೊಡ್ಡದೇ ತಕಣಿ ಮೇಡಂ. ಮೂರ್ ಮಾನಿಟರ್ ಹಾಕೂಕ್ ಆತ್ತ್."

"ನಮ್ಮಲ್ಲಿರುವುದು ಒಂದೇ ಮಾನಿಟರ್, ಮಾಷ್ಟ್ರೇ. ಅದೂ ಸಾಧಾರಣದ್ದು."

"ಇರ್ಲಿ, ದೊಡ್ಡದಿದ್ರೆ ಧೈರ್ಯ."

ಅರ್ಧ ಗಂಟೆ ಉಪದೇಶ ನಡೆಯಿತು. ಕೊನೆಗೆ ಕೇಳಿದೆ, "ನಿಮ್ಮ ಕಂಪ್ಯೂಟರಿಗೆ ಯಾವುದು ಹಾಕಿದ್ದೀರಿ?"

"ಕಂಪ್ಯೂಟರಾ? ಅದೊಂದ್ ಇನ್ನ್ ಮೇಲೆ ತಕಣ್ಕ್ ಮೇಡಂ."

೨. ಐದು ಸೆಂಟಿಮೀಟರ್

ಒಂದು ಸಾಧಾರಣ ಪರದೆ ತೋರಿಸಬಲ್ಲಷ್ಟನ್ನು ಕಾರ್ಡ್ ಎಳೆದರೆ ಸಾಕು. ಮಿಕ್ಕ ಬಲ ವ್ಯರ್ಥ. ಇಷ್ಟನ್ನು ಓದಿ ತಿಳಿದುಕೊಂಡು, ಕಂಪ್ಯೂಟರ್ ಕ್ಯಾಬಿನೆಟ್ಟಿನ ಒಳಗಿನ ಜಾಗ ಅಳೆದು, ಶಾಲೆಯ ಸ್ಕೇಲ್ ಸಮೇತ ಕುಂದಾಪುರದ ಅಂಗಡಿಗೆ ಹೋದೆ.

ಅಂಗಡಿಯವರು ಮೂರು ಫ್ಯಾನಿನ ಕಾರ್ಡನ್ನು ಎರಡೂ ಕೈಯಲ್ಲಿ ಎತ್ತಿ ತಂದರು. ಸ್ಕೇಲ್ ಇಟ್ಟೆ. "ಐದು ಸೆಂಟಿಮೀಟರ್ ಹೆಚ್ಚಾಯಿತು."

"ಅಡ್ಜಸ್ಟ್ ಆತ್ತ್ ಅಕ್ಕಾ."

"ಎಲ್ಲಿ ಆಗುತ್ತದೆ, ತೋರಿಸಿ."

ಹಿಂದೆ ನಿಂತಿದ್ದ ಗಿರಾಕಿಯೊಬ್ಬರು ಸುಮ್ಮನಿರಲಿಲ್ಲ. "ಹ್ವಾಯ್, ಹೊಟ್ಟಿ ಒಳ್ಗ್ ಎಳ್ಕಂಡ್ ನಿಲ್ಲೂಕೆ ಅದೆಂತ ಬೆಳಿಗ್ಗಿ ಬಸ್ಸಾ?"

ಎರಡು ಫ್ಯಾನಿನದನ್ನು ಆರಿಸಿದೆ. ನಮ್ಮಲ್ಲಿದ್ದ ಪವರ್ ಸಪ್ಲೈ ಅದಕ್ಕೆ ಸಾಲುತ್ತದೆಯೇ ಎಂದೂ ನೋಡಿಕೊಂಡೆ. ಹೊರಡುವಾಗ ಅಂಗಡಿಯವರು ಕೈ ಚಾಚಿದರು. ಹಣ ಆಗಲೇ ಕೊಟ್ಟಿದ್ದೆನಲ್ಲ ಎಂದೆ.

"ಹಣ ಅಲ್ಲ ಅಕ್ಕಾ. ಆ ಸ್ಕೇಲ್ ಇಲ್ಲೇ ಇಟ್ಟ್ ಹೋಯ್ನಿ."

೩. ಲಿಂಬೆಹಣ್ಣು

ಕಾರ್ಡ್ ತನ್ನ ಜಾಗದಲ್ಲಿ ಟಕ್ಕೆಂದು ಕೂತಿತು. ಹದಿನೈದು ವರ್ಷ ಪಾಠ ಮಾಡಿಯೂ ಅಂಥ ಸರಿಯುತ್ತರದ ಸದ್ದು ಕೇಳಿರಲಿಲ್ಲ. ಸ್ವಿಚ್ಚಿಗೆ ಕೈ ಹಾಕುವಷ್ಟರಲ್ಲಿ ಅತ್ತೆ ತಡೆದರು. "ಪೂಜಿ ಆಗ್ದೆ ಹೊಸ ಬಸ್ಸ್ ಹೊರಡೂಕಿತ್ತಾ?"

ಕುಂಕುಮವನ್ನು ಫ್ಯಾನಿಗೆ ಹಚ್ಚದಂತೆ ಒಪ್ಪಿಸಿ, ಹೊರಗಿನ ತಗಡಿಗೆ ಹಚ್ಚಿಸಿದೆ. ಆದರೆ ಲಿಂಬೆಹಣ್ಣು ಇಡಲು ಚಕ್ರ ಬೇಕಲ್ಲ? ಅತ್ತೆ ಮೇಜಿನಡಿ ಬಗ್ಗಿ ಹುಡುಕಿದರು. ಚಕ್ರ ಇದ್ದದ್ದು ನಮ್ಮವರ ಕುರ್ಚಿಗೆ. ಅವರು ಹೋದ ಮೇಲೆ ಅದರಲ್ಲಿ ಯಾರೂ ಕೂತಿರಲಿಲ್ಲ.

"ಕೂಕೋ ಹೆಣೆ. ಡ್ರೈವರ್ ಇಲ್ದೆ ಬಸ್ಸ್ ಹೋತ್ತಾ?"

ಕೂತೆ. ಅತ್ತೆ ಹಣ್ಣು ಇಡುತ್ತಾ ಬಂದರು. ಕುರ್ಚಿಗೆ ಐದು ಚಕ್ರ, ಕೈಯಲ್ಲಿ ನಾಲ್ಕೇ ಹಣ್ಣು. ಒಂದು ಕ್ಷಣ ಯೋಚಿಸಿ ಅತ್ತೆಯೇ ತೀರ್ಮಾನ ಕೊಟ್ಟರು: "ಅಡ್ಡಿಲ್ಲ, ಅದ್ ಸ್ಟೆಪ್ನಿ."

೪. ರೈಟ್

ಅತ್ತೆ ಒಳಗೆ ಹೋಗಿ ಒಳ್ಳೆಯ ಸೀರೆ ಉಟ್ಟು, ಕೈಚೀಲ ಹಿಡಿದು ಬಂದು ಪಕ್ಕದ ಸ್ಟೂಲಿನಲ್ಲಿ ಕೂತರು. ಎದುರಿನ ಸೀಟು. ಪರದೆಯ ಮೇಲೆ ಯಾವುದೋ ಪರದೇಶದ ಊರು. ಬಸ್ಸು ಒಂಚೂರೂ ಕುಂಟದೆ, ಎಣ್ಣೆ ಸುರಿದಂತೆ ಹೊರಟಿತು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ನಾನು ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಅಷ್ಟರಲ್ಲಿ ಅತ್ತೆ ಕೂಗಿದರು. "ಹ್ವಾಯ್, ನಿಲ್ಸ್, ನಿಲ್ಸ್! ಹೆಂಗ್ಸೊಬ್ಳ್ ಮಗು ಎತ್ಕಂಡ್ ನಿಂತಿದ್ಳ್ ಕಾಣ್!"

"ಅತ್ತೆ, ಅದು ಸ್ಟಾಪ್ ಅಲ್ಲ."

"ಸ್ಟಾಪ್ ಎಂತಕೆ? ನನ್ ಮಗ ಆಗಿದ್ರೆ ಮನಿ ಬಾಗ್ಲಲ್ಲೇ ನಿಲ್ಸ್ತಿದ್ದ."

ನಿಲ್ಲಿಸಿದೆ. ಆ ಹೆಂಗಸು ನಮ್ಮನ್ನು ತಿರುಗಿಯೂ ನೋಡದೆ ನಡೆದುಹೋದಳು. ಪರದೆಯ ಮೇಲೆ ಕೆಂಪು ಅಕ್ಷರ ಮೂಡಿತು.

"ಎಂತ ಬರ್ದದ್ದ್ ಅದ್?"

"ಸ್ಟಾಪ್ ಇಲ್ಲದ ಕಡೆ ನಿಲ್ಲಿಸಿದ್ದಕ್ಕೆ ದಂಡ."

"ಬಸ್ ಓಡ್ಸೂಕೆ ಗೊತ್ತಿಲ್ದಿದ್ ಊರ್," ಎಂದರು ಅತ್ತೆ. ಆಮೇಲೆ ಕೈಚೀಲ ಕಂಕುಳಿಗೆ ಸಿಕ್ಕಿಸಿ, ಕ್ಯಾಬಿನೆಟ್ಟಿನ ತಗಡಿಗೆ ಪಟಪಟನೆ ಎರಡು ಬಡಿದರು.

"ರೈಟ್! ಹೋಯ್ಲಿ! ಹಿಂದಿನ್ ಬಸ್ಸ್ ಬಪ್ಪುದ್ರೊಳ್ಗ್ ಬೈಂದೂರ್ ಮುಟ್ಕ್!"